ಕುರುಡು ಬಾವಿಯ ಅಣ್ಣತಂಗಿಯರು

ನಮ್ಮ ಊರಿನಲ್ಲಿ ಹೊಸಬರನ್ನು ಯಾರ ಮಗ, ಯಾರ ಮಗಳು ಎಂದು ಕೇಳುವ ರೂಢಿ ಇರಲಿಲ್ಲ. ನಿನ್ನ ಬಾವಿ ಯಾವುದು ಎಂದು ಕೇಳುತ್ತಿದ್ದರು. ಹೇಳಿದ್ದನ್ನು ನಂಬಲೇಬೇಕೆಂದೂ ಇರಲಿಲ್ಲ. ಬಾವಿಯ ಕೊನೆಯ ಮೆಟ್ಟಿಲಿಗೆ ಇಳಿಸಿ ನೀರಿಗೆ ಬೆರಳಿಡು ಎಂದರೆ ಮುಗಿಯಿತು. ಆ ಕೇರಿಯವರಾದರೆ ಆ ಬಾವಿಯ ಮೀನುಗಳು ಎಲ್ಲಿದ್ದರೂ ಬಂದು ಬೆರಳಿಗೆ ಮೂತಿ ಒರಸುತ್ತಿದ್ದವು. ಬೇರೆ ಕೇರಿಯ ಬೆರಳಾದರೆ ತಳ ಬಿಟ್ಟು ಮೇಲೇಳುತ್ತಿರಲಿಲ್ಲ. ಬಾಣಂತಿಯ ಮಡಿಲ ಕೂಸಿನ ಬೆರಳಿಗೂ ಬರುತ್ತಿದ್ದವು, ಹಾಸಿಗೆ ಹಿಡಿದ ಮುದುಕರಿಗೆ ತಂಬಿಗೆಯಲ್ಲಿ ತಂದುಕೊಟ್ಟರೂ ಬರುತ್ತಿದ್ದವು. ಮದುವೆಯಾಗಿ ಬಂದ ಸೊಸೆ ಮಾತ್ರ ದಿನಾ ಬೆಳಿಗ್ಗೆ ಗಂಡನ ಕೇರಿಯ ಬಾವಿಗಿಳಿದು ಬೆರಳಿಟ್ಟು ಕೂರಬೇಕು. ಮೀನು ಒಪ್ಪುವ ತನಕ ಅವಳು ಕೊಡ ಮುಳುಗಿಸುವ ಹಾಗಿಲ್ಲ. ನನ್ನ ಅವ್ವನನ್ನು ಮೀನು ಒಪ್ಪುವ ಹೊತ್ತಿಗೆ ನಾನು ಹೊಟ್ಟೆಯಲ್ಲಿದ್ದೆನಂತೆ. ‘ಮೀನು ಬಂದದ್ದು ನನ್ನ ಬೆರಳಿಗಲ್ಲ ಕಣೆ, ನಿನಗೆ’ ಎಂದು ಅವಳು ಕೊನೆಯವರೆಗೂ ಹೇಳುತ್ತಿದ್ದಳು.

ಒಂದೊಂದು ಕೇರಿಗೆ ಒಂದೊಂದು ಬಾವಿ, ಒಂದೊಂದು ಬಾವಿಗೆ ಅದರದೇ ಮೀನು. ಹಗ್ಗದ ಕೇರಿಯ ಮೀನಿಗೆ ಮೀಸೆ ಇರಲಿಲ್ಲ. ಬಳೆಯ ಕೇರಿಯ ಮೀನಿಗೆ ಹುರುಪೆ ಇರಲಿಲ್ಲ, ಬಿಸಿಲಿಗೆ ಹಿಡಿದರೆ ಒಳಗಿನ ಮುಳ್ಳು ಎಣಿಸಬಹುದಿತ್ತು. ಊರ ಹೊರಗಿನ ಹಿರೇಕೆರೆಯ ಮೀನಿಗೆ ಮಾತ್ರ ಮೀಸೆ, ಹುರುಪೆ, ಕಣ್ಣು ಎಲ್ಲವೂ ಇದ್ದವು. ಆದರೆ ಅದು ಯಾರ ಬೆರಳಿಗೂ ಬರುತ್ತಿರಲಿಲ್ಲ, ಹಾಗಾಗಿ ಅದನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಮದುವೆಯ ಮಾತು ಬಂದರೆ ನಮ್ಮಲ್ಲಿ ಜಾತಕ ತೆಗೆಯುತ್ತಿರಲಿಲ್ಲ. ಹೆಣ್ಣಿನ ಬಾವಿಯ ಹೆಣ್ಣು ಮೀನು, ಗಂಡಿನ ಬಾವಿಯ ಗಂಡು ಮೀನು, ಎರಡನ್ನೂ ಒಂದು ಹೊಸ ಮಡಕೆಗೆ ಬಿಟ್ಟು ಬಾಯಿಗೆ ತೆಳುಬಟ್ಟೆ ಕಟ್ಟಿಡುತ್ತಿದ್ದರು. ಮೊಟ್ಟೆಯೊಡೆದು ಮರಿ ಈಜಿದರೆ ವೀಳ್ಯ ಬದಲಾಯಿಸುವುದು, ಇಲ್ಲದಿದ್ದರೆ ಬೇರೆ ಮನೆ ನೋಡುವುದು. ಇದಕ್ಕೆ ಮಡಕೆ ಕೂಡಿಸುವುದು ಎನ್ನುತ್ತಿದ್ದರು.

ನಮ್ಮದು ಗಾಣದ ಕೇರಿ. ನಮ್ಮ ಬಾವಿಯ ಮೀನು ಅನ್ನದ ಅಗುಳಿನ ಹಾಗೆ ಬೆಳ್ಳಗಿತ್ತು, ಅದಕ್ಕೆ ಕಣ್ಣೇ ಇರಲಿಲ್ಲ. ಕಣ್ಣಿರಬೇಕಾದ ಕಡೆ ಬರೀ ಚರ್ಮ. ಊರಿನ ಆ ತುದಿಗಿದ್ದ ಸುಣ್ಣದ ಕೇರಿಯ ಮೀನೂ ಥೇಟು ಹಾಗೆಯೇ ಇತ್ತು. ಎರಡು ಬಾವಿಗಳಿಗೂ ಮೇಲೆ ಕಲ್ಲುಚಪ್ಪಡಿಯ ಮಾಡು, ಒಳಗೆ ಹಗಲಲ್ಲೂ ದೀಪ ಬೇಕು. ಎರಡು ಮೀನನ್ನೂ ಪಕ್ಕಪಕ್ಕ ಬಿಟ್ಟರೆ ಯಾವುದು ಯಾವ ಬಾವಿಯದೆಂದು ಹೇಳಲು ಬೆರಳೇ ಬೇಕಿತ್ತು. ಹಾಗಾಗಿ ಈ ಎರಡು ಕೇರಿಯವರು ಒಂದೇ ಕತ್ತಲೆಯ ಮಕ್ಕಳು, ಅಣ್ಣತಂಗಿಯರು ಎಂದು ಹಿಂದಿನವರು ಕಟ್ಟು ಮಾಡಿದ್ದರು. ಅವರಲ್ಲಿ ನಾವು ಹೆಣ್ಣು ಕೊಡುವ ಹಾಗಿಲ್ಲ, ತರುವ ಹಾಗಿಲ್ಲ, ಮಡಕೆ ಕೂಡಿಸುವ ಮಾತೇ ಇಲ್ಲ. ಪಂಚಮಿಯ ದಿನ ಸುಣ್ಣದ ಕೇರಿಯ ಗಂಡುಮಕ್ಕಳು ಸಾಲಾಗಿ ನಮ್ಮ ಕೇರಿಗೆ ಬಂದು ಅಂಗಿ ಬಿಚ್ಚಿ ಕೂರುತ್ತಿದ್ದರು, ನಾವು ಅವರ ಬೆನ್ನಿಗೆ ಹಾಲೆರೆದು ತೊಳೆಯುತ್ತಿದ್ದೆವು. ಎಷ್ಟು ತಿಕ್ಕಿದರೂ ಆ ಬೆನ್ನುಗಳಿಂದ ಸುಣ್ಣದ ವಾಸನೆ ಹೋಗುತ್ತಿರಲಿಲ್ಲ. ಗಾಣದ ಕೇರಿಯಲ್ಲಿ ಹುಟ್ಟಿದವಳಿಗೆ ಅಣ್ಣನ ಬರ ಇಲ್ಲ ಎಂದು ಊರೇ ಹೊಟ್ಟೆಕಿಚ್ಚು ಪಡುತ್ತಿತ್ತು. ನಾನು ನಮ್ಮ ಮನೆಗೆ ಒಬ್ಬಳೇ ಮಗಳು. ಆದರೂ ಸುಣ್ಣದ ಕೇರಿಯ ಗಿರಿಯ ನನ್ನ ಅಣ್ಣನಾಗಿದ್ದ. ನಡೆಯಲು ಕಲಿತಾಗಿನಿಂದ ಅವನು ನನಗೆ ಗಿರಿಯಣ್ಣ, ನಾನು ಅವನಿಗೆ ತಂಗವ್ವ. ಜಾತ್ರೆಯಲ್ಲದ ದಿನವೂ ನನಗೆ ಬೆಂಡು ಬತ್ತಾಸು ತಂದುಕೊಡುವ ಇನ್ನೊಬ್ಬ ಪ್ರಾಣಿ ಊರಿನಲ್ಲಿ ಇರಲಿಲ್ಲ.

ನಮ್ಮ ಬಾವಿಯ ಯಜಮಾನಿಕೆ ನನ್ನ ತಾತನದು. ಅವನ ಕೊನೆಯ ಮಗಳು ದೇವೀರಿ, ನನ್ನ ಅಪ್ಪನ ತಂಗಿ. ಕೇರಿಯ ಮಡಕೆಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಅವಳೇ. ನೀರು ಬದಲಿಸುವುದು, ಸತ್ತ ಮೊಟ್ಟೆಯನ್ನು ಗರಿಕೆಯ ತುದಿಯಿಂದ ಎತ್ತಿ ಹಾಕುವುದು, ಮರಿ ಬಂದ ದಿನ ಎರಡೂ ಮನೆಗೆ ಹೋಗಿ ಸುದ್ದಿ ಹೇಳಿ ಬೆಲ್ಲ ತಿನ್ನುವುದು. ಎಷ್ಟೋ ಮದುವೆಗಳು ಅವಳ ಕೈಯಲ್ಲಿ ಈಜಿದ್ದವು, ಅವಳದೊಂದು ಬಿಟ್ಟು. ಹಗ್ಗದ ಕೇರಿಯ ಗಂಡು ಬಂದಾಗ ಮಡಕೆಯಲ್ಲಿ ಮೊಟ್ಟೆ ಬೆಳ್ಳಗಾಗಿ ಕೆಟ್ಟಿತು. ಬಳೆಯ ಕೇರಿಯವರು ಬಂದಾಗಲೂ ಹಾಗೆಯೇ. ಆಮೇಲೆ ಬಂದವರದೂ ಅಷ್ಟೆ. ದೇವೀರತ್ತೆಗೆ ಮೂವತ್ತು ದಾಟಿತು. ಮಡಕೆ ಕೆಡುವ ಹೆಣ್ಣು ಎಂದು ಹೆಸರಾಯಿತು.

ನನಗೆ ಅವಳಿಗಿಂತ ಹತ್ತು ಹನ್ನೆರಡು ವರ್ಷ ಸಣ್ಣ ವಯಸ್ಸು, ಆದರೆ ಮಲಗುವುದು ಒಂದೇ ಚಾಪೆಯಲ್ಲಿ. ಅವಳ ಮನಸ್ಸು ಯಾರ ಮೇಲಿತ್ತೆಂದು ನನಗೆ ಗೊತ್ತಿತ್ತು. ಗಿರಿಯನ ಅಣ್ಣ ಪುಟ್ಟಮಾದು, ಸುಣ್ಣದ ಗೂಡಿನಲ್ಲಿ ಕೆಲಸ ಮಾಡುವವನು. ರೆಪ್ಪೆಯ ಮೇಲೆ ಸದಾ ಬಿಳಿ ಧೂಳು, ಮಾತು ಕಡಿಮೆ. ಪಂಚಮಿಯ ದಿನ ಅವನ ಸರದಿ ಬಂದಾಗ ದೇವೀರತ್ತೆಯ ಕೈಯಿಂದ ಹಾಲಿನ ಗಿಂಡಿ ಜಾರಿ ಬೀಳುತ್ತಿತ್ತು. ಮೆಟ್ಟಿಲ ಮೇಲೆ ಕೂತ ಹೆಂಗಸರು ಇದನ್ನು ನೋಡದೆ ಇರುತ್ತಾರೆಯೇ?

‘ಏನವ್ವ ದೇವೀರಿ, ವರ್ಸ ವರ್ಸಾನೂ ಪುಟ್ಟಮಾದಣ್ಣನ ಸರದಿಗೇ ನಿನ್ನ ಕೈ ಜಾರ್ತದಲ್ಲ’ ಎಂದು ಕೆಂಚಜ್ಜಿ ಕೇಳುತ್ತಿದ್ದಳು. ಕೆಂಚಜ್ಜಿ ಎಂದರೆ ಗಂಡ ಸತ್ತ ಮೇಲೆ ತವರಾದ ನಮ್ಮ ಕೇರಿಗೇ ಮರಳಿದವಳು, ಕೇರಿಗೆಲ್ಲ ಹಿರಿಯ ವಿಧವೆ, ನಾಲಿಗೆಗೆ ಮೂಳೆಯಿಲ್ಲದವಳು.

‘ಗಾಣದೋರ ಕೈ ಕಣಜ್ಜಿ, ಎಣ್ಣೆ ಜಿಡ್ಡು.’

‘ಜಿಡ್ಡು ಕೈಯಾಗಿದ್ರೆ ಬೇರೆಯೋರ ಬೆನ್ನಿಗೂ ಜಾರ್ಬೇಕಿತ್ತಲ್ಲವ್ವ.’

ದೇವೀರತ್ತೆ ನಗುತ್ತಿರಲಿಲ್ಲ. ಖಾಲಿ ಗಿಂಡಿ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಪುಟ್ಟಮಾದು ಒಣಬೆನ್ನಿನಲ್ಲೇ ಅಂಗಿ ತೊಟ್ಟು ಎದ್ದು ಹೋಗುತ್ತಿದ್ದ. ಅವರಿಬ್ಬರ ನಡುವೆ ಅದಕ್ಕಿಂತ ಹೆಚ್ಚಿನದೇನೂ ನಡೆದಿರಲಿಲ್ಲ. ಏನೇನೂ ನಡೆಯದೆ ಅಷ್ಟು ವರ್ಷ ಹೇಗೆ ಕಳೆಯಿತೆಂದು ಈಗ ಯೋಚಿಸಿದರೆ ನನಗೇ ಸೋಜಿಗ.

ಇಂದುಮತಿ ಮೇಡಂ ನಮ್ಮ ಊರಿಗೆ ಬಂದದ್ದು ಆ ಕಾಲದಲ್ಲಿ. ಎಲ್ಲೋ ದೂರದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಬಾವಿಗಳ ಮೀನಿನ ಸುದ್ದಿ ಕೇಳಿ ಗಾಜಿನ ಪಾತ್ರೆಗಳನ್ನು ಹುಲ್ಲಿನಲ್ಲಿ ಸುತ್ತಿಕೊಂಡು ಬಂದರು. ದಪ್ಪ ಕನ್ನಡಕ. ಕಣ್ಣಿಲ್ಲದ ಮೀನು ನೋಡೋಕೆ ನಾಲ್ಕು ಕಣ್ಣು ಬೇಕಂತೆ ಎಂದು ಮಕ್ಕಳು ಹಿಂದೆ ಹಿಂದೆ ಓಡಾಡಿದರು. ಇರಲು ಶಾಲೆಯ ಪಡಸಾಲೆ ಕೊಟ್ಟೆವು. ಅದಕ್ಕೆ ಬದಲಾಗಿ ದೀಪ ಹಚ್ಚುವ ಹೊತ್ತಿಗೆ ಕೆಲಸ ಮುಗಿಸಿದ ಹೆಂಗಸರಿಗೆ ಅಕ್ಷರ ಹೇಳಿಕೊಡುತ್ತೇನೆ ಎಂದರು. ನಾನೂ ದೇವೀರತ್ತೆಯೂ ಹೋಗಲು ಶುರುಮಾಡಿದೆವು. ನಾನು ಅಕ್ಷರ ಕಲಿತದ್ದು ಅಲ್ಲಿಯೇ. ದೇವೀರತ್ತೆ ಕಲಿತದ್ದು ಬೇರೆ.

ಮಡಕೆ ನೋಡಿ ಪಳಗಿದ ಕೈ ಎಂದು ಮೇಡಂ ಅವಳನ್ನು ತಮ್ಮ ಕೆಲಸಕ್ಕೆ ಕರೆದುಕೊಂಡರು. ಅವರ ಕೆಲಸ ಏನೆಂದು ಒಂದು ಸಂಜೆ ನಮಗೆಲ್ಲ ಹೇಳಿದರು. ‘ಎಲ್ಲ ಬಾವಿಯ ಮೀನನ್ನೂ ಪಕ್ಕಪಕ್ಕ ಇಟ್ಟು ಯಾವುದಕ್ಕೆ ಏನಿದೆ, ಏನಿಲ್ಲ ಅಂತ ಹೋಲಿಸಿ ನೋಡೋದು ಅರ್ಧ ಕೆಲಸ. ಒಂದು ಮೊಟ್ಟೆ ಮೀನಾಗುವಾಗ ಒಳಗೆ ಏನು ನಡೆದು ಅದು ಹಾಗಾಯ್ತು ಅಂತ ನೋಡೋದು ಇನ್ನರ್ಧ. ಅಪ್ಪ ಅವ್ವ ಇಬ್ಬರೂ ಮರಿಗೆ ಒಂದೊಂದು ಪಾಲು ಕೊಡ್ತಾರಲ್ಲ, ಆ ವಂಶವಾಹಿಯೊಳಗೆ ಕಣ್ಣು ಮಾಡುವ ಕ್ರಮ ಇರುತ್ತೆ. ಎಲ್ಲಿ ತಪ್ಪಿತು ಅಂತ ಹುಡುಕಬೇಕು. ಅರ್ಧ ಮಾಡಿ ಬಿಟ್ಟರೆ ಮೀನು ಎಲ್ಲಿಂದ ಬಂತು ಅಂತ ತಿಳಿಯಲ್ಲ.’

‘ಎಲ್ಲಿಂದ ಬತ್ತದೆ ಮೇಡಮ್ಮ, ಬಾವಿಯಿಂದ’ ಎಂದಳು ಕೆಂಚಜ್ಜಿ. ಅವಳು ಸ್ಲೇಟು ಹಿಡಿದು ಬರುತ್ತಿದ್ದದ್ದು ನಮ್ಮ ಮಾತು ಕೇಳುವುದಕ್ಕೆ ಮಾತ್ರ.

ಒಂದೊಂದು ಬಾವಿಯ ಮೀನನ್ನು ಇನ್ನೊಂದು ಬಾವಿಯದರ ಜೊತೆ ಕೂಡಿಸಿ ಮರಿ ಮಾಡಿಸಬೇಕು ಎಂದು ಮೇಡಂ ಹೇಳಿದರು. ಅದು ನಮಗೆ ಹೊಸದೇನಲ್ಲ, ಊರಿನ ಮದುವೆಗಳೆಲ್ಲ ಹಾಗೇ ಆದವು. ಗಾಣದ ಬಾವಿಯದನ್ನೂ ಸುಣ್ಣದ ಬಾವಿಯದನ್ನೂ ಕೂಡಿಸಬಾರದು ಎಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ದೇವೀರತ್ತೆ ಬಾಯಿ ಬಿಡಲಿಲ್ಲ. ನಮ್ಮ ಬಾವಿಯಿಂದ ಹೆಣ್ಣು ಮೀನನ್ನು ತಾನೇ ಹಿಡಿದಳು. ಸುಣ್ಣದ ಬಾವಿಯ ಗಂಡು ಮೀನನ್ನು ತಂದುಕೊಟ್ಟವನು ಪುಟ್ಟಮಾದು. ಶಾಲೆಯ ಗೋಡೆಗೆ ಸುಣ್ಣ ಹಾಕುವ ನೆವದಲ್ಲಿ ಬಂದು ಪಡಸಾಲೆಯ ಹೊರಗೆ ನಿಂತು ಕೆಮ್ಮಿದ. ನಾನು ಒಳಗೆ ಅಕ್ಷರ ತಿದ್ದುತ್ತಿದ್ದೆ.

‘ಕೂಗೋಕೆ ಏನಾಗಿತ್ತು?’ ಎಂದಳು ದೇವೀರತ್ತೆ.

‘ಏನಂತ ಕೂಗ್ಲಿ? ತಂಗೀ ಅಂತಲಾ?’

‘ಹಂಗಂದ್ರೆ ಈ ಸುಣ್ಣದ ಗಡಿಗೇನ ನಿನ್ನ ತಲೆ ಮೇಲೇ ಹುಯ್ತೀನಿ.’

‘ಅದ್ಕೇ ಕೆಮ್ಮಿದ್ದು’ ಎಂದು ಮೀನಿನ ತಂಬಿಗೆ ಕೊಟ್ಟು ಹೋದ.

ಮೊಟ್ಟೆ ಕೂತವು. ಮರಿ ಹೊರಬಂದ ಮಾರನೆಯ ದಿನ ಬೆಳಿಗ್ಗೆ ನೀರು ಬದಲಿಸಲು ಹೋದ ದೇವೀರತ್ತೆ ನನ್ನನ್ನು ಜೋರಾಗಿ ಕೂಗಿದಳು. ನಾನು ಓಡಿ ಹೋಗಿ ಬಗ್ಗಿ ನೋಡಿದೆ. ಗಾಜಿನಷ್ಟು ತೆಳುವಾದ ಮರಿಗಳು, ಒಂದೊಂದರ ತಲೆಯ ಎರಡು ಬದಿಗೂ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ. ನಾನು ಬಗ್ಗಿದೊಡನೆ ನನ್ನ ನೆರಳು ಕಂಡು ಅತ್ತ ಓಡಿದವು. ಅಪ್ಪ ಕುರುಡು, ಅವ್ವ ಕುರುಡು, ಮರಿಗೆ ಕಣ್ಣು.

ಮಧ್ಯಾಹ್ನದೊಳಗೆ ಊರೇ ಪಡಸಾಲೆಯಲ್ಲಿತ್ತು. ಕೂಡಬಾರದ್ದನ್ನು ಕೂಡಿಸಿದರು ಎಂಬ ಸಿಟ್ಟು ಕೆಲವರಿಗೆ, ಕಣ್ಣು ನೋಡುವ ಆಸೆ ಎಲ್ಲರಿಗೂ. ತಾತ ಬಂದವನು ಮಗಳ ಮುಖ ನೋಡಲಿಲ್ಲ. ‘ಕೆರೆ ಮೀನು ಸೇರಿಕೊಂಡದೆ’ ಎಂದ. ‘ಮೇಡಮ್ಮೋರಿಗೆ ತಿಳೀದು, ತಂದುಕೊಟ್ಟೋರಿಗೆ ತಿಳೀಬೇಕಿತ್ತು.’

ಕೂಡಿಸಬಾರದೆಂಬ ಕಟ್ಟು ಮೇಡಂಗೆ ತಿಳಿದದ್ದೇ ಆಗ. ದೇವೀರತ್ತೆಯ ಕಡೆ ತಿರುಗಿ ‘ನೀನು ನನಗೆ ಹೇಳಲಿಲ್ಲ’ ಎಂದರು. ದನಿಯಲ್ಲಿ ಬೇಸರವಿತ್ತು.

‘ಹೇಳಿದ್ರೆ ನೀವು ಕೂಡಿಸ್ತಿರ್ಲಿಲ್ಲ’ ಎಂದಳು ದೇವೀರತ್ತೆ. ಆಮೇಲೆ ಅಪ್ಪನ ಮುಂದೆ ನಿಂತು, ‘ಅಪ್ಪಯ್ಯ, ನಿನ್ನ ಕೈಯಾಗೇ ಮೀನು ಹಿಡಿ. ಅವರ ಯಜಮಾನ್ರು ಅವರ ಬಾವೀಲಿ ಹಿಡೀಲಿ. ಮಡಕೆ ನೀನೇ ಕಟ್ಟು. ಈ ಸಲಾನೂ ಕಣ್ಣು ಬಂದ್ರೆ ನನ್ನನ್ನ ಪುಟ್ಟಮಾದೂಗೆ ಕೊಡು. ಬರ್ದಿದ್ರೆ ಪಂಚಮಿ ದಿನ ಅವನ ಬೆನ್ನು ತೊಳೀತೀನಿ’ ಎಂದಳು.

ಅಷ್ಟು ಜನರ ಮುಂದೆ ಹೆಣ್ಣುಮಗಳೊಬ್ಬಳು ತನ್ನ ಮದುವೆಯ ಮಾತನ್ನು ತಾನೇ ಆಡಿದ್ದು ನಮ್ಮ ಊರಿನಲ್ಲಿ ಅದೇ ಮೊದಲು. ಕೆಂಚಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಹೆದರಿದ್ದು ಬೇರೆಯದಕ್ಕೆ. ಅತ್ತೆ ಗೆದ್ದರೆ ಸುಣ್ಣದ ಕೇರಿಯವರು ಅಣ್ಣಂದಿರಲ್ಲ ಎಂದಾಯಿತು. ಅಲ್ಲಿಗೆ ಗಿರಿಯಣ್ಣ ನನಗೆ ಯಾರು? ಅವಳು ಗೆಲ್ಲಲಿ ಎಂದು ಬಾವಿಗೆ ಕೈಮುಗಿದೆ. ಮುಗಿದ ಕೈ ಬಿಚ್ಚುವಷ್ಟರಲ್ಲಿ ಸೋತರೂ ಚೆನ್ನ ಅನ್ನಿಸಿತು.

ತಾತ ತಾನೇ ಹಿಡಿದ, ತಾನೇ ಕಟ್ಟಿದ. ಮಡಕೆಯನ್ನು ತನ್ನ ಮಂಚದ ಪಕ್ಕ ಇಟ್ಟುಕೊಂಡ. ಮರಿಗಳು ಬಂದವು, ಒಂದೊಂದಕ್ಕೂ ಎರಡೆರಡು ಕಣ್ಣು. ಅವು ಯಾರ ಕೇರಿಯವೆಂದು ನೋಡೋಣ ಎಂದು ತಾತ ಬೆರಳಿಟ್ಟ, ಸುಣ್ಣದ ಕೇರಿಯ ಯಜಮಾನರೂ ಬೆರಳಿಟ್ಟರು. ಮರಿಗಳು ಎರಡು ಬೆರಳನ್ನೂ ನೋಡಿ ಹೆದರಿ ಮಡಕೆಯ ತಳ ಸೇರಿದವು.

‘ಕಣ್ಣು ಬಂದ ಮೇಲೆ ನಮ್ಮ ಮೋರೆ ನೋಡಿ ಯಾರು ತಾನೆ ಹತ್ರ ಬಂದಾರು’ ಎಂದಳು ಕೆಂಚಜ್ಜಿ. ಯಾರೂ ನಗಲಿಲ್ಲ.

ತಾತ ಆಮೇಲೆ ಹೇಳಿದ ಮಾತು ನನಗಿನ್ನೂ ಕಿವಿಯಲ್ಲಿದೆ. ‘ಕಣ್ಣು ಬಂದದ್ದು ನಿಜ. ಒಪ್ತೀನಿ. ಆದ್ರೆ ಒಂದು ಮಾತು. ಒಡೆದ ಮಡಕೆ ಎರಡು ಹೋಳು ಒಂದಕ್ಕೊಂದು ಸರಿಯಾಗಿ ಕೂತ್ಕೊಂಡ್ರೆ ಏನರ್ಥ? ಎರಡೂ ಒಂದೇ ಮಡಕೆಯದು ಅಂತ. ಇವರ ಮೀನಲ್ಲಿ ಇಲ್ಲದ್ದು ನಮ್ಮದರಲ್ಲಿತ್ತು, ನಮ್ಮದರಲ್ಲಿ ಇಲ್ಲದ್ದು ಅವರದರಲ್ಲಿತ್ತು. ಕೂಡಿದ್ರೆ ಇಡೀ ಆಯ್ತು. ಅಂದ್ರೆ ಮೊದಲು ಇಡಿಯಾಗಿದ್ದದ್ದು ಒಡೆದು ಎರಡಾಗಿದೆ. ಅಣ್ಣತಂಗಿ ಅನ್ನೋಕೆ ಇನ್ನೇನು ಬೇಕು?’

ಜನ ತಲೆದೂಗಿದರು. ಸುಣ್ಣದ ಕೇರಿಯ ಯಜಮಾನರೂ ಹೌದೆಂದರು. ಕಣ್ಣು ಬಂದರೆ ಗೆದ್ದೆ ಎಂದುಕೊಂಡಿದ್ದ ದೇವೀರತ್ತೆಗೆ ಕಣ್ಣು ಬಂದೇ ಸೋಲಾಯಿತು. ಅವಳು ಮೇಡಂ ಕಡೆ ನೋಡಿದಳು.

‘ಯಜಮಾನ್ರೇ, ಎಲ್ಲ ಬಾವಿಯ ಮೀನೂ ಮೊದಲು ಕೆರೆಯಿಂದ ಬಂದದ್ದೇ’ ಎಂದು ಮೇಡಂ ಹೇಳಿದರು. ‘ಹಗ್ಗದ ಕೇರಿಯದೂ, ಬಳೆಯ ಕೇರಿಯದೂ. ಇಡಿಯಾಗಿದ್ದದ್ದು ಕೆರೆಯ ಮೀನು.’

‘ಹಂಗಾದ್ರೆ ಊರೆಲ್ಲಾ ಅಣ್ಣತಂಗೀರೇ’ ಎಂದ ಯಾರೋ ಹಿಂದಿನಿಂದ. ‘ನನ್ನ ಹೆಂಡ್ರನ್ನ ಏನು ಮಾಡ್ಲಿ?’

ಮೇಡಂ ಕನ್ನಡಕ ತೆಗೆದು ಒರಸಿಕೊಂಡರು. ‘ಯಾರು ಯಾರಿಗೆ ಏನಾಗಬೇಕು ಅಂತ ಹೇಳೋದು ನನ್ನ ಕೆಲಸ ಅಲ್ಲ. ಮೀನಿನಲ್ಲಿ ಏನಾಯ್ತು ಅಂತ ತೋರಿಸಬಲ್ಲೆ, ಅಷ್ಟೆ. ಕಣ್ಣು ಬಂದದ್ದನ್ನ ನೋಡಿದಿರಿ. ಹೋಗೋದನ್ನ ನೋಡಿಲ್ಲ.’

‘ಇಲ್ಲದ್ದು ಹೋಗೋದೆಲ್ಲಿಗೆ?’ ಎಂದ ತಾತ.

ದೇವೀರತ್ತೆ ಎದ್ದು ಬಂದು ತಾತನ ಕೈ ಹಿಡಿದಳು. ‘ಬಾ ಅಪ್ಪಯ್ಯ. ಇದೊಂದು ನೋಡು. ಆಮೇಲೆ ನಿನ್ನ ಮಾತೇ ಕೊನೆ. ತಿರುಗಿ ಕೇಳಲ್ಲ.’

ಮೇಡಂ ಹತ್ತಿರ ಒಂದು ಸೂಕ್ಷ್ಮದರ್ಶಕ ಇತ್ತು. ಶಾಲೆಯ ಕಿಟಕಿಯ ಬೆಳಕಿಗೆ ಅದನ್ನಿಟ್ಟು, ನಮ್ಮ ಬಾವಿಯದೇ ಜೋಡಿಯಿಂದ ಅವತ್ತು ಬಂದ ಮೊಟ್ಟೆಯೊಂದನ್ನು ಹನಿ ನೀರಿನಲ್ಲಿ ಅದರ ಕೆಳಗೆ ಇರಿಸಿದರು. ಅದರ ಪಕ್ಕದ ಬಟ್ಟಲಲ್ಲಿ ಸುಣ್ಣದ ಬಾವಿಯ ಜೋಡಿಯ ಮೊಟ್ಟೆ. ನೀರಿನಷ್ಟೇ ತಿಳಿಯಾದ ಮೊಟ್ಟೆ, ಒಳಗೆ ನಡೆಯುವುದೆಲ್ಲ ಕಾಣುತ್ತದೆ. ತಾತ ಮೊದಲು ತನ್ನ ರೆಪ್ಪೆಯನ್ನೇ ನೋಡಿ ಏನೋ ಹುಳ ಎಂದ. ಆಮೇಲೆ ಹೇಗೆ ನೋಡಬೇಕೆಂದು ತಿಳಿಯಿತು. ಆ ದಿನ ಊಟಕ್ಕೂ ಏಳಲಿಲ್ಲ. ಮಾರನೆಯ ದಿನ ಬೆಳಕು ಹರಿಯುತ್ತಲೇ ಬಂದು ಕೂತ. ಒಂದು ಸಲ ಈ ಬಟ್ಟಲು, ಒಂದು ಸಲ ಆ ಬಟ್ಟಲು. ಗಾಣಕ್ಕೆ ಎತ್ತು ಕಟ್ಟಲು ಅಪ್ಪನನ್ನು ಕಳಿಸಿದ. ಜನ ಬಂದರು, ಕಾದರು, ಬೇಸತ್ತು ಹೋದರು. ನಾನೂ ದೇವೀರತ್ತೆಯೂ ಗೋಡೆಗೆ ಒರಗಿ ಅವನ ಬೆನ್ನನ್ನೇ ನೋಡುತ್ತ ಕೂತಿದ್ದೆವು.

ಸಂಜೆಯ ಹೊತ್ತಿಗೆ ತಾತ ‘ಬತ್ತಾ ಐತೆ’ ಎಂದ. ನಮ್ಮ ಕುರುಡು ಮೀನಿನ ಮೊಟ್ಟೆಯೊಳಗೆ ಕಣ್ಣು ಮೂಡುತ್ತಿತ್ತು. ನನಗೂ ತೋರಿಸಿದ. ಎಳೆಯ ದೇಹದ ತುದಿಯಲ್ಲಿ ಎರಡು ಪುಟ್ಟ ಬಟ್ಟಲು, ಒಂದೊಂದರ ನಡುವೆ ಒಂದು ಮಣಿ. ಕಣ್ಣೇ ಇಲ್ಲದ ಜಾತಿ ಎಂದು ನಾವು ಹೆಸರಿಟ್ಟು ಕರೆದದ್ದಕ್ಕೆ ಕಣ್ಣು ಬರುತ್ತಿತ್ತು. ಮಾರನೆಯ ದಿನ ಆ ಮಣಿ ಮಂಕಾಯಿತು. ಮಣಿ ಸತ್ತ ಮೇಲೆ ಅದರ ಸುತ್ತಲಿನ ಬಟ್ಟಲು ಬೆಳೆಯುವುದನ್ನು ಬಿಟ್ಟು ಮೆಲ್ಲಗೆ ಒಳಗೆ ಕುಸಿಯಿತು. ಸುಣ್ಣದ ಬಾವಿಯ ಮೊಟ್ಟೆಯಲ್ಲಿ ಹಾಗಾಗಲಿಲ್ಲ. ಅದರಲ್ಲಿ ಮಣಿ ಚೆನ್ನಾಗಿಯೇ ಇತ್ತು. ಬಟ್ಟಲಿನ ಎರಡು ಅಂಚು ಒಂದಕ್ಕೊಂದು ಕೂಡಲೇ ಇಲ್ಲ, ಕೆಳಗೆ ಸೀಳು ಉಳಿಯಿತು, ಆ ಸೀಳಿನಿಂದ ಕಣ್ಣು ಕರಗಿಹೋಯಿತು. ಕೊನೆಗೆ ಎರಡರ ಮೇಲೂ ಒಂದೇ ತರದ ಚರ್ಮ ಬೆಳೆಯಿತು. ಹೊರಗಿನಿಂದ ಈಗ ಎರಡೂ ಒಂದೇ.

ತಾತ ಕಣ್ಣು ಎತ್ತಿದಾಗ ಅವನ ಹುಬ್ಬಿನ ಮೇಲೆ ಗಾಜಿನ ಅಚ್ಚು ಬಿದ್ದಿತ್ತು. ‘ಪ್ರತಿ ಮೊಟ್ಟೇಲೂ ಹಿಂಗೇನಾ?’ ಎಂದು ಮೇಡಂ ಅವರನ್ನು ಕೇಳಿದ.

‘ಪ್ರತಿಯೊಂದರಲ್ಲೂ.’

‘ಪ್ರತಿ ಸಲಾನೂ ಬತ್ತದೆ, ಪ್ರತಿ ಸಲಾನೂ ಹೋಯ್ತದೆ’ ಎಂದ ತಾತ. ‘ಹುಟ್ಟಿದಾಗಿಂದ ಬಾವಿ ಕಾದೆ. ಇದೊಂದು ತಿಳೀದೇ ಹೋಯ್ತಲ್ಲ.’ ಟವೆಲಿನಿಂದ ಮುಖ ಒರಸಿಕೊಂಡ. ಅವನು ಅತ್ತದ್ದನ್ನು ನಾನು ನೋಡಿದ್ದು ಅಜ್ಜಿ ಹೋದ ದಿನ ಬಿಟ್ಟರೆ ಅವತ್ತೇ.

ಆ ದಿನ ಬಾವಿಕಟ್ಟೆಯ ಮೇಲೆ ಎರಡು ಕೇರಿಯವರನ್ನೂ ಕೂರಿಸಿ ತಾತ ಮಾತಾಡಿದ. ‘ಒಡೆದ ಮಡಕೆ ಅಂದಿದ್ದೆ. ಅದು ತಪ್ಪು. ನಾನು ಗಾಣದೋನು, ಗಾಣದ ಮಾತು ಹೇಳ್ತೀನಿ. ಒಬ್ಬನ ಮನೇಲಿ ಎತ್ತು ಸತ್ತು ಗಾಣ ನಿಂತದೆ. ಇನ್ನೊಬ್ಬನ ಮನೇಲಿ ಒರಳು ಸೀಳಿ ಗಾಣ ನಿಂತದೆ. ಎರಡು ಮನೇಲೂ ಎಣ್ಣೆ ಇಲ್ಲ, ದೀಪ ಇಲ್ಲ. ದಾರೀಲಿ ಹೋಗೋನು ನೋಡಿ, ಇಬ್ರದ್ದೂ ಕತ್ತಲೆ, ಇಬ್ರೂ ಒಂದೇ ಮನೆಯೋರು ಅಂದ್ರೆ ಆದೀತಾ? ಇವನ ಒರಳಿಗೆ ಅವನ ಎತ್ತು ಕಟ್ಟಿದ್ರೆ ಎಣ್ಣೆ ಬತ್ತದೆ, ನಿಜ. ಅದರಿಂದ ಅವರು ಅಣ್ಣತಮ್ಮಂದ್ರು ಅಂತ ಆಗಲ್ಲ. ನೆಂಟಸ್ತನ ಮಾಡಬೌದು ಅಂತ ಆಯ್ತದೆ. ನಮ್ಮ ಕಣ್ಣು ಹೋದ ದಾರಿ ಬೇರೆ, ಅವರದು ಹೋದ ದಾರಿ ಬೇರೆ. ನಾನು ಕಣ್ಣಾರೆ ನೋಡಿದೆ.’

ಪುಟ್ಟಮಾದು ಕಂಬದ ಹಿಂದೆ ನಿಂತಿದ್ದ. ಕೆಮ್ಮು ಬಂತು, ತಡೆದುಕೊಳ್ಳಲಾಗಲಿಲ್ಲ. ಆಗ ಜನ ನಕ್ಕರು. ದೇವೀರತ್ತೆ ಮಾತ್ರ ತಲೆ ತಗ್ಗಿಸಿ ಬೆರಳಿನಿಂದ ಕಲ್ಲು ಕೆರೆಯುತ್ತಿದ್ದಳು. ತನಗೆ ಗಂಡು ಬಂದಾಗ ಕಟ್ಟಿದ ಮಡಕೆಗಳಿಗೆಲ್ಲ ತಾನೇ ಚಿಟಿಕೆ ಸುಣ್ಣ ಹಾಕಿ ಕೆಡಿಸುತ್ತಿದ್ದೆ ಎಂದು ಆ ರಾತ್ರಿ ಚಾಪೆಯ ಮೇಲೆ ನನಗೆ ಹೇಳಿದಳು. ಬೇರೆ ಏನೂ ಸಿಗಲಿಲ್ಲವಾ ಹಾಕೋಕೆ ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆದರೆ ಅದಕ್ಕೂ ಮೊದಲು, ಕಟ್ಟೆಯ ಮೇಲೆ ಜನರ ನಗು ನಿಂತೊಡನೆ ಹೆಂಗಸರಿಗೆ ಇನ್ನೊಂದು ಅರ್ಥ ಹೊಳೆದಿತ್ತು. ಕೆಂಚಜ್ಜಿಯೇ ಕೇಳಿದಳು, ಅವತ್ತು ಅವಳ ದನಿಯಲ್ಲಿ ಕುಚೋದ್ಯ ಇರಲಿಲ್ಲ. ‘ಎಲ್ಲಾ ಸರಿ ಯಜಮಾನ. ನನಗೆ ಒಡಹುಟ್ಟಿದೋರು ಯಾರೂ ಇಲ್ಲ. ನಾನು ಸತ್ರೆ ಸುಣ್ಣದ ಕೇರಿಯೋರು ತವರಿನ ಸೀರೆ ತಂದು ಹೊದಿಸ್ತಾರೆ ಅಂತ ಇದ್ದೆ. ಇನ್ನು ಯಾರು ತತ್ತಾರೆ?’

ತಾತ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಕಟ್ಟೆಯಿಂದ ಇಳಿದ.

ಮದುವೆ ಚೆನ್ನಾಗಿಯೇ ನಡೆಯಿತು. ಮೇಡಂ ರೇಷ್ಮೆ ಸೀರೆ ಉಟ್ಟು ಬಂದು ಎರಡು ಕಡೆಯವರ ನಡುವೆ ಎಲ್ಲಿ ಕೂರುವುದೆಂದು ತಿಳಿಯದೆ ಅಡುಗೆಯವರ ಜೊತೆ ಕೂತರು. ಕಣ್ಣಿನ ಮರಿಗಳನ್ನು ಯಾವ ಬಾವಿಗೆ ಬಿಡಬೇಕೆಂದು ಯಾರಿಗೂ ಗೊತ್ತಾಗಲಿಲ್ಲ. ಬಾವಿಯ ಕತ್ತಲಲ್ಲಿ ಕಣ್ಣು ಇಟ್ಟುಕೊಂಡು ಅವು ಏನು ಮಾಡಿಯಾವು? ಮದುಮಗಳೇ ಮಡಕೆ ಹೊತ್ತು ಹಿರೇಕೆರೆಗೆ ಹೋಗಿ ಬಿಟ್ಟು ಬಂದಳು. ಕೆರೆಯ ಮೀನುಗಳ ನಡುವೆ ಸೇರಿಕೊಂಡವು, ಮತ್ತೆ ಗುರುತು ಸಿಗಲಿಲ್ಲ. ಸುಣ್ಣದ ಬಾವಿಯ ಮೀನು ದೇವೀರತ್ತೆಯನ್ನು ಒಪ್ಪಲು ಸಾಕಷ್ಟು ಕಾಲ ತೆಗೆದುಕೊಂಡಿತು. ಅಷ್ಟು ದಿನವೂ ಪುಟ್ಟಮಾದುವೇ ಕೊಡ ಹೊತ್ತು ನೀರು ತಂದ. ಗಂಡಸು ನೀರು ಹೊರುವುದನ್ನು ನೋಡಲು ಮಕ್ಕಳು ಸಾಲಾಗಿ ನಿಲ್ಲುತ್ತಿದ್ದರು, ಅವನು ಒಬ್ಬೊಬ್ಬರ ತಲೆಗೂ ಚಿಮುಕಿಸಿ ಹೋಗುತ್ತಿದ್ದ.

ಮುಂದಿನ ಪಂಚಮಿಗೆ ಸುಣ್ಣದ ಕೇರಿಯಿಂದ ಯಾರೂ ಬರಲಿಲ್ಲ. ಬರಬೇಡಿ ಎಂದು ಯಾರೂ ಹೇಳಿರಲಿಲ್ಲ, ಬರುವುದು ಸರಿಯೋ ಅಲ್ಲವೋ ಎಂದು ಅವರಿಗೂ ತಿಳಿದಿರಲಿಲ್ಲ. ಗಿರಿಯ ಸಂತೆಯಲ್ಲಿ ಎದುರಾದರೆ ನಾನು ಏನಂತ ಕರೆಯಬೇಕೆಂದು ಯೋಚಿಸುವಷ್ಟರಲ್ಲಿ ಅವನು ದಾಟಿ ಹೋಗಿರುತ್ತಿದ್ದ. ಅತ್ತೆಯ ಗಂಡ ಮಾವನಾದರೆ ಅವನ ತಮ್ಮನೂ ಮಾವನ ಸಾಲಿಗೇ ಸೇರಿದ. ಮಾವ ಎಂದರೆ ವರಸೆ. ವರಸೆ ಎಂದರೆ ಮದುವೆ ಆಗಬಹುದು. ಈ ಲೆಕ್ಕ ನನಗಿಂತ ಮೊದಲು ನನ್ನ ಅವ್ವನಿಗೆ ಹೊಳೆಯಿತು.

ಅವ್ವ ಹೋಗಿ ದೇವೀರತ್ತೆಯ ಹತ್ತಿರ ಮಾತಾಡಿದಳು. ಗೊತ್ತಿರುವ ಹುಡುಗ, ಗುಣವಂತ, ಅತ್ತೆಯೂ ಅದೇ ಮನೆಯಲ್ಲಿ, ಇನ್ನೇನು ಬೇಕು ಎಂದು ಇಬ್ಬರೂ ನನಗೆ ಹೇಳಿದರು. ಹೌದು, ಇನ್ನೇನು ಬೇಕೆಂದು ನನಗೂ ಹೇಳಲಾಗಲಿಲ್ಲ. ಒಳಗೆ ಮಾತ್ರ ಏನೋ ಅಡ್ಡ ಕೂತಿತ್ತು. ಅತ್ತೆ ಅಷ್ಟು ಜನರ ಮುಂದೆ ನಿಂತು ಕೇಳಿ ಪಡೆದದ್ದನ್ನು ನನ್ನ ತಟ್ಟೆಗೆ ತಾವಾಗಿ ಬಡಿಸಿದರೆ ಬೇಡ ಎನ್ನಲು ನನಗೆ ಯಾವ ಬಾಯಿ? ಹೆಣ್ಣು ನೋಡುವ ಶಾಸ್ತ್ರಕ್ಕೆ ದಿನ ಇಟ್ಟರು.

ಗಿರಿಯ ಹೊಸ ಅಂಗಿ ತೊಟ್ಟು ನಮ್ಮ ಪಡಸಾಲೆಯಲ್ಲಿ ಬಂದು ಕೂತ. ಆ ಪಡಸಾಲೆಯಲ್ಲಿ ಅವನು ಎಷ್ಟು ಸಲ ಉರುಳಾಡಿದ್ದನೋ, ಅವತ್ತು ಮಾತ್ರ ಚಾಪೆಯ ಅಂಚಿನಲ್ಲಿ ಪರಸ್ಥಳದವನ ಹಾಗೆ ಕೂತಿದ್ದ. ತಾತ, ಅಪ್ಪ, ಪುಟ್ಟಮಾದು ಒಂದು ಕಡೆ. ಬಾಗಿಲ ಹತ್ತಿರ ಕೆಂಚಜ್ಜಿ. ನನ್ನ ಕೈಗೆ ಎಲೆ ಅಡಿಕೆಯ ತಟ್ಟೆ ಕೊಟ್ಟು ದೇವೀರತ್ತೆ ಹಿಂದಿನಿಂದ ಮೆಲ್ಲಗೆ ತಳ್ಳಿದಳು. ಹೊಸ ಸೀರೆಯ ನೆರಿಗೆ ಕಾಲಿಗೆ ಸಿಕ್ಕಿತು. ಹೊಸಲಿನಲ್ಲಿ ಎಡವಿದೆ, ತಟ್ಟೆ ವಾಲಿ ಅಡಿಕೆಯೆಲ್ಲ ಚೆಲ್ಲಾಡಿದವು. ಅವನು ಚಾಪೆಯಿಂದ ಅರ್ಧ ಎದ್ದು ಕೈಚಾಚಿ, ‘ನೋಡ್ಕೊಂಡು ನಡಿಯೋಕೆ ನಿನಗೇನು ಕಾಯಿಲೆ ತಂಗವ್ವ’ ಎಂದುಬಿಟ್ಟ.

ಗಿರಿಯನ ಕಿವಿಗಳು ದಾಸವಾಳದ ಹಾಗೆ ಕೆಂಪಾದವು. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ, ಅಷ್ಟು ತಿಂಗಳಲ್ಲಿ ನಾವು ಸರಿಯಾಗಿ ಮುಖ ನೋಡಿಕೊಂಡದ್ದು ಅದೇ. ಮೊದಲು ನಕ್ಕವಳು ಕೆಂಚಜ್ಜಿ. ಆಮೇಲೆ ಅಪ್ಪ. ದೇವೀರತ್ತೆ ನಗುತ್ತ ನಗುತ್ತ ಬಾಗಿಲ ಚೌಕಟ್ಟು ಹಿಡಿದು ಕೂತೇಬಿಟ್ಟಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವ್ವ ಸಿಟ್ಟಾಗಿ ಒಳಗೆ ಹೋದಳು.

‘ಮೀನು ನೋಡಿದ್ದು ಸಾಕು’ ಎಂದ ತಾತ. ‘ಎಲೆ ಹಾಕ್ರವ್ವ, ಹುಡುಗ ಹಸ್ಕೊಂಡವ್ನೆ. ಗಿರಿಯ, ಅವತ್ತು ಕಟ್ಟೆ ಮೇಲೆ ಕೆಂಚವ್ವ ಕೇಳಿದ ಮಾತಿಗೆ ನೀನೇ ಉತ್ತರ ಹೇಳ್ಬಿಟ್ಟು ಊಟಕ್ಕೆ ಕೂರು.’

‘ಸೀರೆ ನಾನ್ ತತ್ತೀನಿ ಬುಡಜ್ಜಿ’ ಎಂದ ಗಿರಿಯಣ್ಣ. ‘ಆದ್ರೆ ಅವಸರ ಮಾಡ್ಬೇಡ.’

ಕೆಂಚಜ್ಜಿ ಅವಸರ ಮಾಡಲಿಲ್ಲ. ಅವನು ಅವತ್ತು ಎರಡು ಸಲ ಬಡಿಸಿಕೊಂಡು ಉಂಡ. ಹೊರಡುವಾಗ ಜಗಲಿಯಿಂದ ಇಳಿದು ತಿರುಗಿ ನಿಂತು, ‘ಇವರಿಗೆಲ್ಲ ಗಂಡು ಹುಡುಕೋಕೆ ಬರಲ್ಲ. ನಾನೇ ನೋಡ್ತೀನಿ, ಅಲ್ಲೀಗಂಟ ಸುಮ್ಕಿರು’ ಎಂದ. ಸುಗ್ಗಿ ಮುಗಿಯುವುದರೊಳಗೆ ಹಗ್ಗದ ಕೇರಿಯಲ್ಲಿ ನೋಡಿದ. ನಾನು ಬಾಳಿದ್ದು ಆ ಮನುಷ್ಯನ ಜೊತೆಗೆ. ಒಳ್ಳೆಯವರು. ಗೊರಕೆ ಮಾತ್ರ ಜಾಸ್ತಿ ಇತ್ತು, ಅದೊಂದನ್ನು ಗಿರಿಯಣ್ಣ ವಿಚಾರಿಸಿರಲಿಲ್ಲ.